ಫುಟ್‌ಬಾಲ್ ನೋಡದ ಅಪ್ಪ

ಕಾರ್ವರ್ಸ್ ಬೆಂಡ್, ಒಹಾಯೊ
6 ಸೆಪ್ಟೆಂಬರ್ 1987

ಪ್ರೀತಿಯ ವೇಡ್,

ನೀನು ಕಾಲೇಜಿಗೆ ಹೋಗಿ ಮೂರು ವಾರವಾಯಿತು. ಅಂಚೆ ಡಬ್ಬಿಯ ಮುಚ್ಚಳ ನಿನ್ನ ಅಮ್ಮನ ಕೈಯಲ್ಲಿ ಸವೆದುಹೋಗುತ್ತಿದೆ. ಅಡುಗೆಮನೆಯ ಗೋಡೆಗೆ ನಿಮ್ಮ ತಂಡದ ಪಂದ್ಯಗಳ ಪಟ್ಟಿ ಅಂಟಿಸಿದ್ದಾಳೆ, ಅದೂ ನನ್ನ ಬೇಸ್‌ಬಾಲ್ ಪಟ್ಟಿಯ ಮೇಲೆಯೇ. ಕೇಳಿದ್ದಕ್ಕೆ, “ನಿಂದು ಇನ್ನೇನು ಮುಗೀತು, ಹೋಲಿಸ್. ಇನ್ಮೇಲೆ ಈ ಮನೇಲಿ ಫುಟ್‌ಬಾಲ್” ಅಂದಳು.

ಪಿಂಗಾಣಿ ಕಾರ್ಖಾನೆಯಲ್ಲೂ ಅದೇ ಮಾತು. ನಾನು ಕಪ್ಪುಗಳಿಗೆ ಹಿಡಿಕೆ ಅಂಟಿಸುತ್ತ ರೇಡಿಯೊ ಹಾಕಿಕೊಂಡರೆ ಬರ್ಲ್ ಬಂದು ಆರಿಸುತ್ತಾನೆ. “ಅಲ್ಲಯ್ಯಾ, ಮಗ ಹೆಲ್ಮೆಟ್ ಹಾಕ್ಕೊಂಡು ಊರಿಗೇ ಹೆಸರು ತಂದಿದಾನೆ. ನೀನಿನ್ನೂ ಈ ತೂಕಡಿಸೋ ಆಟ ಕೇಳ್ತಾ ಕೂತಿದೀಯಲ್ಲ! ಒಬ್ಬ ಚೆಂಡು ಎಸೀತಾನೆ, ಮಿಕ್ಕೋರು ನಿಂತ್ಕೊಂಡು ಹುಲ್ಲು ಬೆಳೆಯೋದು ನೋಡ್ತಾರೆ.”

“ತೂಕಡಿಸಿದ್ರೆ ಯಾರ ಹಲ್ಲೂ ಉದುರಲ್ಲ ಬಿಡು” ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಡುವ ದಿನ ಕಾರಿನ ಹತ್ತಿರ ನಾನು ‘ಗೂಳಿಗಳ ಆಟ’ ಅಂದದ್ದು ನಿನ್ನನ್ನು ಕುರಿತಲ್ಲ. ಚೆಂಡು ಕೈಯಲ್ಲಿ ಹಿಡಿದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆ ಆಟವನ್ನು ಕುರಿತು ಅಂದದ್ದು. ಆ ವ್ಯತ್ಯಾಸ ಆಗ ನಿನಗೆ ಕೇಳಿಸಿರಲಾರದು.

ಹೊಟ್ಟೆ ತುಂಬ ಊಟ ಮಾಡು.

ಅಪ್ಪ


ಆಷ್‌ಬರ್ನ್
20 ಸೆಪ್ಟೆಂಬರ್ 1987

ಅಪ್ಪ ಅಮ್ಮನಿಗೆ,

ನಿನ್ನೆಯ ಪಂದ್ಯ ಗೆದ್ದೆವು! ಮೊದಲನೇ ವರ್ಷದವರಲ್ಲಿ ಶುರುವಿನಿಂದಲೇ ಆಡಿದವನು ನಾನೊಬ್ಬನೇ. ಹದಿನೆಂಟು ಸಾವಿರ ಜನ ಸೇರಿದ್ದರು. ಒಟಿಸ್‌ನ ಮನೆಯವರು ಜಾರ್ಜಿಯಾದಿಂದ ಹನ್ನೊಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದರು. ನಮ್ಮ ಊರಿನಿಂದ ನಾಲ್ಕೇ ಗಂಟೆ. ಅಮ್ಮನಿಗೆ ಶನಿವಾರ ಬೇಕರಿಯಲ್ಲಿ ರಜೆ ಸಿಗುವುದಿಲ್ಲ, ಗೊತ್ತು. ಅಪ್ಪನಿಗೆ ಸಿಗುತ್ತದೆ, ಅದೂ ಗೊತ್ತು.

ಚೆಂಡು ಹಿಡಿದು ನುಗ್ಗಿ ಬರುವವನನ್ನು ಅಡ್ಡಗಟ್ಟಿ ಕೆಡಹುವುದು ನನ್ನ ಕೆಲಸ. ನಿನ್ನೆ ಏಳು ಜನರನ್ನು ಕೆಡವಿದೆ. ಒಂದು ಸಲ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದು ಕಿವಿಯಲ್ಲಿ ಗಂಟೆ ಬಾರಿಸಿದ ಹಾಗಾಯಿತು. ಎರಡು ನಿಮಿಷ ಬೆಂಚಿನ ಮೇಲೆ ಕೂತು ಮತ್ತೆ ಒಳಗೆ ಹೋದೆ. ಇಲ್ಲಿ ಎಲ್ಲರಿಗೂ ಹೀಗಾಗುತ್ತದೆ, ಹೆದರಬೇಡಿ.

ಒಂದು ತಮಾಷೆ. ಒಟಿಸ್ ನನ್ನ ಕೋಣೆಯಲ್ಲೇ ಇರುವುದು, ತಂಡದಲ್ಲೂ ನನ್ನ ಪಕ್ಕದಲ್ಲೇ ನಿಲ್ಲುವುದು. ಅವನು ಬಟ್ಟೆ ಒಗೆಯುವ ಯಂತ್ರಕ್ಕೆ ಪಾತ್ರೆ ತೊಳೆಯುವ ಸೋಪು ಸುರಿದುಬಿಟ್ಟ. ಹಾಸ್ಟೆಲಿನ ಕಾರಿಡಾರಿನಲ್ಲಿ ಮೊಣಕಾಲುದ್ದ ನೊರೆ! ವಾರ್ಡನ್ ಬಂದು, “ಯಾರೋ ಇದು?” ಅಂದರೆ ನೊರೆಯೊಳಗಿಂದ ಒಟಿಸ್, “ಸಾರ್, ಬಟ್ಟೆ ಮಾತ್ರ ಬಹಳ ಕ್ಲೀನಾಗಿದೆ” ಅಂದ.

ವೇಡ್


ಕಾರ್ವರ್ಸ್ ಬೆಂಡ್
27 ಸೆಪ್ಟೆಂಬರ್ 1987

ಪ್ರೀತಿಯ ವೇಡ್,

ಸೋಪಿನ ಕಥೆ ಓದಿ ನಿನ್ನ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೇಕರಿಯಲ್ಲೂ ಹೇಳಿದಳಂತೆ.

ಗಂಟೆ ಬಾರಿಸಿದ ಹಾಗಾಯಿತು ಅಂದೆಯಲ್ಲ, ಆಮೇಲೆ ಹೇಗಿದ್ದೀಯ? ತಲೆನೋವು ಇದೆಯೆ? ವೈದ್ಯರು ಯಾರಾದರೂ ನೋಡಿದರಾ?

ನನಗೆ ಬೇಸ್‌ಬಾಲ್ ಯಾಕೆ ಇಷ್ಟ ಎಂದು ನೀನು ಚಿಕ್ಕವನಿದ್ದಾಗ ಕೇಳುತ್ತಿದ್ದೆ. ಆಗ ಸರಿಯಾಗಿ ಹೇಳಲಿಲ್ಲ. ಅಲ್ಲಿ ಆಟ ಮುಗಿಸುವ ಗಡಿಯಾರ ಇಲ್ಲ. ಇನ್ನೊಬ್ಬನನ್ನು ನೆಲಕ್ಕೆ ಕೆಡವಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಒಬ್ಬ ಚೆಂಡು ಬಿಟ್ಟರೆ ಇಡೀ ಊರಿಗೆ ಕಾಣುತ್ತದೆ, ಅವನ ಹೆಸರಿನ ಮುಂದೆ ತಪ್ಪು ಎಂದು ಬರೆಯುತ್ತಾರೆ, ಮಾರನೆಯ ದಿನ ಅವನು ಅದೇ ಜಾಗದಲ್ಲಿ ಬಂದು ನಿಲ್ಲುತ್ತಾನೆ. ಆ ಬಂದು ನಿಲ್ಲುವುದು ನನಗೆ ಇಷ್ಟ.

ನೀನು ಚೆಂಡು ಹಿಡಿಯುತ್ತಿದ್ದ ರೀತಿ ನಮ್ಮ ಊರಿನಲ್ಲಿ ಇನ್ನೊಬ್ಬ ಹುಡುಗನಿಗೆ ಬರಲಿಲ್ಲ. ವಸಂತದಲ್ಲಿ ನಿಮ್ಮ ಕಾಲೇಜಿನ ಬೇಸ್‌ಬಾಲ್ ತಂಡಕ್ಕೂ ಆಯ್ಕೆ ಇರುತ್ತದಂತೆ. ವಿಚಾರಿಸು, ಅಷ್ಟೇ.

ಅಪ್ಪ


ಆಷ್‌ಬರ್ನ್
4 ಅಕ್ಟೋಬರ್ 1987

ಅಪ್ಪ,

ನಿನ್ನ ಯಾವ ಪತ್ರವಾದರೂ ಕೊನೆಗೆ ಹೋಗಿ ನಿಲ್ಲುವುದು ಬೇಸ್‌ಬಾಲಿನಲ್ಲಿ. ನಾನು ಏಳು ಜನರನ್ನು ಕೆಡವಿದೆ ಅಂತ ಬರೆದೆ. ಅದರ ಬಗ್ಗೆ ಒಂದು ಸಾಲು ಇಲ್ಲ. ಹದಿನೈದನೇ ವಯಸ್ಸಿನಲ್ಲಿ ನಾನು ಬೇಸ್‌ಬಾಲ್ ಗ್ಲೌಸ್ ಬಿಚ್ಚಿಟ್ಟದ್ದನ್ನು ನೀನು ಇನ್ನೂ ಕ್ಷಮಿಸಿಲ್ಲ.

ತಲೆನೋವು ಸ್ವಲ್ಪ ಇದೆ. ತರಗತಿಯ ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತದೆ, ಟೋಪಿ ಮುಂದಕ್ಕೆ ಎಳೆದುಕೊಂಡು ಕೂರುತ್ತೇನೆ. ನಿದ್ದೆ ಸಾಲದ್ದಕ್ಕೆ ಇರಬೇಕು.

ಅಂದಹಾಗೆ ಮೊನ್ನೆ ಒಂದು ತಮಾಷೆ ಆಯಿತು, ಅಮ್ಮನಿಗೆ ಹೇಳಲೇಬೇಕು. ನನ್ನ ಕೋಣೆಯಲ್ಲಿ ಒಟಿಸ್ ಅಂತ ಒಬ್ಬ ಇದ್ದಾನೆ, ಜಾರ್ಜಿಯಾದವನು. ಬಟ್ಟೆ ಒಗೆಯುವ ಯಂತ್ರಕ್ಕೆ ಪಾತ್ರೆ ತೊಳೆಯುವ ಸೋಪು ಹಾಕಿದ್ದಾನೆ! ಕಾರಿಡಾರ್ ತುಂಬ ನೊರೆ. ವಾರ್ಡನ್ ಬಂದು ಕೂಗಾಡಿದರೆ, “ಬಟ್ಟೆ ಕ್ಲೀನಾಗಿದೆ ಸಾರ್” ಅಂದನಂತೆ.

ವೇಡ್


ಕಾರ್ವರ್ಸ್ ಬೆಂಡ್
9 ಅಕ್ಟೋಬರ್ 1987

ವೇಡ್,

ಈ ಪತ್ರದಲ್ಲಿ ಬೇಸ್‌ಬಾಲ್ ಇಲ್ಲ. ಕೊನೆಯವರೆಗೆ ಓದು.

ಸೋಪಿನ ಕಥೆಯನ್ನು ನೀನು ಎರಡು ವಾರದ ಹಿಂದೆಯೇ ಬರೆದಿದ್ದೆ. ನಾನು ಅದಕ್ಕೆ ಉತ್ತರವನ್ನೂ ಬರೆದೆ. ನೀನು ಆ ಉತ್ತರ ಓದಿ, ಅದರ ಮೇಲೆ ಸಿಟ್ಟು ಮಾಡಿಕೊಂಡು, ಅದೇ ಕಾಗದದಲ್ಲಿ ಕಥೆಯನ್ನು ಹೊಸದಾಗಿ ಹೇಳಿದ್ದೀಯ. ಒಟಿಸ್ ಯಾರೆಂದು ನಮಗೆ ಮೊದಲ ಸಲ ಪರಿಚಯ ಮಾಡಿಸಿದ್ದೀಯ.

ಇನ್ನೊಂದು. ಲಕೋಟೆಯ ಮೇಲೆ ನೀನು ಬರೆದಿರುವುದು ಮೇಪಲ್ ಬೀದಿಯ ವಿಳಾಸ. ಆ ಮನೆ ಬಿಟ್ಟು ನಾವು ಆರು ವರ್ಷವಾಯಿತು. ಅಂಚೆಯವನು ನಮ್ಮನ್ನು ಬಲ್ಲವನಾದ್ದರಿಂದ ಕಾಗದ ತಲುಪಿತು.

ನಿನ್ನ ಅಮ್ಮನಿಗೆ ಹೇಳಿದೆ. “ಮಕ್ಕಳು ಒಂದೇ ಕಥೆ ಹತ್ತು ಸಲ ಹೇಳ್ತಾರೆ. ಅವನು ಆಡೋದು ನಿಂಗೆ ಬೇಕಾಗಿಲ್ಲ, ಅದಕ್ಕೇ ಹುಳುಕು ಹುಡುಕ್ತೀಯ” ಅಂದಳು. ಇರಬಹುದು. ಆ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಆದರೂ ಬರೆಯುತ್ತಿದ್ದೇನೆ. ದಯವಿಟ್ಟು ವೈದ್ಯರ ಹತ್ತಿರ ಹೋಗು. ತಂಡದವರ ಹತ್ತಿರ ಅಲ್ಲ, ಕಾಲೇಜಿನ ವೈದ್ಯರ ಹತ್ತಿರ.

ಅಪ್ಪ


ಆಷ್‌ಬರ್ನ್
13 ಅಕ್ಟೋಬರ್ 1987

ಅಪ್ಪ,

ಒಂದೇ ವಿಷಯ ಎರಡು ಸಲ ಬರೆದರೆ ಅದು ಕಾಯಿಲೆಯೆ? ನಿನ್ನ ಹಳೆಯ ಪಂದ್ಯದ ಕಥೆಯನ್ನು, ಆ ಹನ್ನೆರಡನೇ ಇನಿಂಗ್ಸಿನ ಕಥೆಯನ್ನು, ನಾನು ನೂರು ಸಲ ಕೇಳಿದ್ದೇನೆ. ನಿನ್ನನ್ನು ಯಾರೂ ವೈದ್ಯರ ಹತ್ತಿರ ಕಳಿಸಲಿಲ್ಲ.

ತಂಡದವರು ನೋಡಿದ್ದಾರೆ. ಎಷ್ಟು ಬೆರಳು ಅಂತ ಕೇಳಿದರು, ಹೇಳಿದೆ. ಸರಿಯಾಗಿದ್ದೇನೆ.

ಇನ್ನು ಸ್ವಲ್ಪ ದಿನ ಬರೆಯಬೇಡ. ನಿನ್ನ ಕಾಗದ ಬಂದ ದಿನ ನನ್ನ ಆಟ ಕೆಡುತ್ತದೆ.

ವೇಡ್


ಕಾರ್ವರ್ಸ್ ಬೆಂಡ್
25 ಅಕ್ಟೋಬರ್ 1987

ವೇಡ್,

ಬರೆಯಬೇಡ ಅಂದೆ ನೀನು. ಆದರೆ ನಿನ್ನೆಯದರಲ್ಲಿ ನಿನಗೆ ಎಷ್ಟು ನೆನಪಿದೆಯೋ ತಿಳಿಯದು. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ನಿನ್ನ ಅಮ್ಮ ಬೇಕರಿಗೆ ಹೋದ ಮೇಲೆ ಕಾರು ತೆಗೆದೆ. ಅವಳಿಗೂ ಹೇಳಿರಲಿಲ್ಲ. ಮೂವತ್ತನೇ ಸಾಲಿನಲ್ಲಿ ಸೀಟು ಸಿಕ್ಕಿತು. ನನಗೆ ಆಟದ ನಿಯಮ ಅರ್ಧ ಗೊತ್ತಿಲ್ಲ, ಆದ್ದರಿಂದ ಐವತ್ನಾಲ್ಕನೇ ನಂಬರಿನ ಅಂಗಿಯನ್ನು ಮಾತ್ರ ನೋಡುತ್ತ ಕೂತೆ. ಸ್ಕೋರ್ ಪುಸ್ತಕ ಜೊತೆಗಿತ್ತು. ನಿನ್ನ ತಲೆಗೆ ಪೆಟ್ಟು ಬಿದ್ದಾಗಲೆಲ್ಲ ಒಂದು ಗೆರೆ ಎಳೆದೆ.

ಹದಿನಾಲ್ಕನೇ ಗೆರೆ ಪಂದ್ಯದ ಮೂರನೇ ಭಾಗದಲ್ಲಿ. ಎದುರು ತಂಡದ ಒಬ್ಬ ದಪ್ಪ ಓಟಗಾರ ಚೆಂಡನ್ನು ಎದೆಗವಚಿಕೊಂಡು ಬಂದ. ನೀನು ತಲೆ ತಗ್ಗಿಸಿ ಡಿಕ್ಕಿ ಹೊಡೆದೆ. ಎರಡು ಹೆಲ್ಮೆಟ್ಟುಗಳ ಸದ್ದು ನನ್ನ ಸಾಲಿನವರೆಗೂ ಕೇಳಿಸಿತು. ಅವನು ಬಿದ್ದ. ಜನ ಎದ್ದು ನಿಂತು ಕೂಗಿದರು. ನೀನೂ ಎದ್ದೆ. ಎದ್ದವನು ನಿಧಾನವಾಗಿ ನಡೆದು ಹೋಗಿ ಬಿಳಿ ಅಂಗಿಯವರ ಗುಂಪಿನಲ್ಲಿ ನಿಂತುಕೊಂಡೆ. ನಿನ್ನ ಅಂಗಿ ಹಸಿರು.

ನನ್ನ ಹಿಂದಿನವನು, “ಏಯ್ ಐವತ್ನಾಲ್ಕು, ನಿನ್ ಮನೆ ಈ ಕಡೆ ಕಣೋ!” ಎಂದು ಕೂಗಿದ. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಎತ್ತರದ ಹುಡುಗ, ಒಟಿಸ್ ಇರಬೇಕು, ಓಡಿ ಬಂದು ನಿನ್ನ ಅಂಗಿ ಹಿಡಿದು ಎಳೆದುಕೊಂಡು ಹೋದ. ನಿನ್ನನ್ನು ಯಾರೂ ಹೊರಗೆ ಕೂರಿಸಲಿಲ್ಲ. ಆಮೇಲೆ ಇನ್ನೂ ನಾಲ್ಕು ಗೆರೆ.

ಪಂದ್ಯ ಮುಗಿದ ಮೇಲೆ ಗೇಟಿನ ಹತ್ತಿರ ನೀನು ಸಿಕ್ಕೆ. “ಅಪ್ಪಾ! ನೀನ್ಯಾವಾಗ ಬಂದೆ?” ಎಂದು ತಬ್ಬಿಕೊಂಡೆ. ಮಧ್ಯಾಹ್ನ ಬಂದೆ, ಇಡೀ ಪಂದ್ಯ ನೋಡಿದೆ ಅಂದೆ ನಾನು. ನಿನ್ನ ಮುಖ ಅರಳಿತು. ಮೂರು ವರ್ಷದಿಂದ ನಾನು ಆ ಮುಖವನ್ನು ಕಂಡಿರಲಿಲ್ಲ. ಸ್ವಲ್ಪ ಹೊತ್ತು ಮಾತಾಡಿದೆವು. ನೀನು ಬೂಟಿನ ದಾರ ಬಿಚ್ಚಲು ಬಗ್ಗಿ, ತಲೆಯೆತ್ತಿ ನನ್ನನ್ನು ನೋಡಿ, “ಅಪ್ಪಾ! ನೀನ್ಯಾವಾಗ ಬಂದೆ?” ಅಂದೆ. ಅದೇ ಸಂತೋಷದಿಂದ.

ನಾನು ನಿಮ್ಮ ಕೋಚ್ ರಡ್ ಹತ್ತಿರ ಹೋದೆ.

“ವೇಡ್ ತಂದೆ ಅಲ್ವಾ ನೀವು? ಓಹೋ, ಬೇಸ್‌ಬಾಲ್ ಅಪ್ಪ!”

“ಸಾರ್, ಅವನಿಗೆ ಹುಷಾರಿಲ್ಲ. ಎದುರು ತಂಡದವರ ಜೊತೆ ಹೋಗಿ ನಿಂತಿದ್ದ.”

“ಗಂಟೆ ಬಾರಿಸ್ತು, ಅಷ್ಟೆ. ನಂಗೂ ಇಪ್ಪತ್ತು ಸಲ ಬಾರಿಸಿದೆ, ಚೆನ್ನಾಗೇ ಇದೀನಲ್ಲ. ಮಿಸ್ಟರ್ ಪ್ರೂಯಿಟ್, ಬೇಜಾರು ಮಾಡ್ಕೋಬೇಡಿ. ಈ ಆಟ ಕಂಡ್ರೆ ನಿಮಗಾಗಲ್ಲ ಅಂತ ಅವನೇ ಹೇಳಿದಾನೆ. ಇದುವರೆಗೆ ಎಷ್ಟು ಪಂದ್ಯ ನೋಡಿದೀರಿ?”

“ಇದೊಂದೇ.”

“ನೋಡಿ ಮತ್ತೆ!” ಎಂದು ನನ್ನ ಹೆಗಲು ತಟ್ಟಿ ಹೋದರು.

ನಾಲ್ಕು ಗಂಟೆ ಕಾರು ಓಡಿಸುವಾಗ ಒಂದೇ ಪ್ರಶ್ನೆ. ನಾನು ಕಂಡದ್ದು ಅಲ್ಲಿ ಇದ್ದದ್ದೆ, ಅಥವಾ ನನಗೆ ಬೇಕಾದದ್ದೆ? ನನಗೆ ಈ ಆಟ ಇಷ್ಟವಿಲ್ಲ ಎಂಬುದು ನಿಜ. ಆ ಇಷ್ಟವಿಲ್ಲದಿರುವುದೇ ಈಗ ನನ್ನ ಬಾಯಿ ಕಟ್ಟಿದೆ. ಇಡೀ ಜೀವನ ತೋಳ ಬಂತು ಎಂದು ಕೂಗಿದವನು ನಾನು ಎಂದುಕೊಂಡಿದ್ದೀರಿ ಎಲ್ಲರೂ.

ಮುಂದಿನ ಶನಿವಾರ ಆಡಬೇಡ. ಬೇರೇನೂ ಕೇಳುವುದಿಲ್ಲ.

ಅಪ್ಪ


ಕಾರ್ವರ್ಸ್ ಬೆಂಡ್
28 ಅಕ್ಟೋಬರ್ 1987

ಮರಿ ವೇಡ್,

ನಿನ್ನ ಅಮ್ಮ ಬರೆಯುತ್ತಿದ್ದೇನೆ. ನನ್ನ ಕೈಬರಹ ಕೆಟ್ಟದು, ಸಹಿಸಿಕೋ.

ಭಾನುವಾರ ನಿನ್ನ ಅಪ್ಪ ಸೋಪಿನ ಕಥೆಯ ನಿನ್ನ ಎರಡು ಕಾಗದಗಳನ್ನು ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೊರಗೆ ಹೋದ. ನಾನು ಒಲೆಯ ಮೇಲಿನದನ್ನು ಇಳಿಸಿ ಕೂತು ಓದಿದೆ. ಮೊದಲ ಸಲ ಓದಿದಾಗ ನಗು ಬಂದಿತ್ತು. ಈ ಸಲ ಅಕ್ಷರ ನೋಡಿದೆ. ಎರಡನೆಯದರಲ್ಲಿ ಸಾಲುಗಳು ಜಾರಿಕೊಂಡು ಕಾಗದದ ಮೂಲೆಗೆ ಹೋಗಿವೆ. ನೀನು ಮೂರನೇ ತರಗತಿಯಲ್ಲಿದ್ದಾಗಲೂ ಹೀಗೆ ಬರೆದವನಲ್ಲ.

ಸೋಮವಾರ ಬೆಳಗ್ಗೆ ನಿಮ್ಮ ಹಾಸ್ಟೆಲಿಗೆ ಫೋನ್ ಮಾಡಿದೆ. ನೀನಿರಲಿಲ್ಲ. ಒಟಿಸ್ ಸಿಕ್ಕ. “ಅವನು ಹೇಗಿದಾನಪ್ಪಾ, ನಿಜ ಹೇಳು” ಅಂದೆ. ಆ ಹುಡುಗ ಮೊದಲು ಚೆನ್ನಾಗಿದಾನೆ ಅಂದ. ಆಮೇಲೆ, “ಅಮ್ಮಾ, ದಿನಾ ಬೆಳಿಗ್ಗೆ ಕ್ಲಾಸಿಗೆ ನಾನೇ ಕರ್ಕೊಂಡು ಹೋಗ್ತೀನಿ. ದಾರಿ ಮರೆತುಹೋಗುತ್ತೆ ಅವನಿಗೆ. ನಾನು ಹೇಳ್ದೆ ಅಂತ ಹೇಳ್ಬೇಡಿ” ಅಂದ. ಮಾತು ಕೊಟ್ಟಿದ್ದೆ, ಮುರಿದಿದ್ದೇನೆ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ, ನನ್ನ ಮೇಲೆ ಮಾಡಿಕೋ.

ನಾನು ಫುಟ್‌ಬಾಲ್ ಹುಚ್ಚಿ ಎಂದು ಇಡೀ ಊರಿಗೆ ಗೊತ್ತು. ಮದುವೆಯ ದಿನವನ್ನೂ ಪಂದ್ಯ ಇಲ್ಲದ ಶನಿವಾರ ನೋಡಿ ಇಟ್ಟವಳು ನಾನು. ನಿನ್ನ ಹೆಸರು ಲೌಡ್‌ಸ್ಪೀಕರಿನಲ್ಲಿ ಕೇಳಿದಾಗ ನನ್ನಷ್ಟು ಜೋರಾಗಿ ಕೂಗಿದವರಿಲ್ಲ. ಆದ್ದರಿಂದ ನನ್ನನ್ನು ಯಾರೂ ಬೇಸ್‌ಬಾಲ್ ಅಮ್ಮ ಅನ್ನಲಾರರು.

ನಿನ್ನ ಎರಡೂ ಕಾಗದಗಳ ನಕಲು, ಆ ಲಕೋಟೆ, ನಿನ್ನ ಅಪ್ಪನ ಗೆರೆಗಳ ಹಾಳೆ, ಎಲ್ಲವನ್ನೂ ಕಾಲೇಜಿನ ವೈದ್ಯರಿಗೂ ಪ್ರಾಂಶುಪಾಲರಿಗೂ ಕಳಿಸಿದ್ದೇನೆ. ಕೆಳಗೆ ನನ್ನ ಸಹಿ ಇದೆ. ಅವರು ಕರೆದಾಗ ಹೋಗು. ಹೋಗದೆ ಶನಿವಾರ ಮೈದಾನಕ್ಕೆ ಇಳಿದರೆ, ಹದಿನೆಂಟು ಸಾವಿರ ಜನರ ಮುಂದೆ ನಾನೂ ಇಳಿಯುತ್ತೇನೆ. ನನ್ನನ್ನು ಎತ್ತಿಕೊಂಡು ಹೋಗಲು ನಾಲ್ಕು ಜನ ಬೇಕಾಗುತ್ತದೆ, ನಿನಗೆ ಗೊತ್ತು.

ಅಮ್ಮ


ಆಷ್‌ಬರ್ನ್
15 ನವೆಂಬರ್ 1987

ಅಪ್ಪನಿಗೆ,

ಇದನ್ನು ಒಟಿಸ್ ಬರೆಯುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ಇನ್ನೂ ಓದಲು ಬರೆಯಲು ಬಿಡುತ್ತಿಲ್ಲ.

ಅಮ್ಮ ಕಳಿಸಿದ್ದನ್ನು ನೋಡಿ ಕಾಲೇಜಿನ ವೈದ್ಯರು ಆ ಶನಿವಾರಕ್ಕೆ ಮುಂಚೆಯೇ ನನ್ನನ್ನು ಸೇರಿಸಿದ ಆಸ್ಪತ್ರೆಗೆ ನೀವಿಬ್ಬರೂ ಬಂದಾಗ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ವೈದ್ಯರು ಹೇಳಿದ್ದನ್ನೆಲ್ಲ ನೀವು ಕೇಳಿದ್ದೀರಿ. ತಲೆಬುರುಡೆಯ ಒಳಗೆ ಸಣ್ಣಗೆ ರಕ್ತ ಜಿನುಗುತ್ತಿತ್ತಂತೆ. ತಾನಾಗಿ ನಿಂತಿದೆ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ಶುರು ಮಾಡಿ ಅವರು ವಾಕ್ಯ ಮುಗಿಸಲಿಲ್ಲ. ಕಾಲೇಜಿನಲ್ಲಿ ಓದು ಮುಂದುವರಿಸಬಹುದು. ಆಟ ಮಾತ್ರ ಮುಗಿಯಿತು. ಈ ವರ್ಷಕ್ಕಲ್ಲ, ಶಾಶ್ವತವಾಗಿ.

ನೀನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ನಿನ್ನನ್ನು ನೋಡಲು ಆಗುತ್ತಿಲ್ಲ. ಕೋಣೆಯ ಕಿಟಕಿಯಿಂದ ಮೈದಾನ ಕಾಣುತ್ತದೆ. ಅವರ ಅಭ್ಯಾಸದ ಸೀಟಿ ಕೇಳಿಸುತ್ತದೆ. ನಾನು ಯಾರು ಎಂದು ಕೇಳಿದರೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ನೀನು ಗೆದ್ದೆ.

ಕ್ರಿಸ್‌ಮಸ್‌ಗೆ ಬರುವುದಿಲ್ಲ. ಒಟಿಸ್ ಮನೆಗೆ ಹೋಗುತ್ತೇನೆ.

ವೇಡ್

(ಮಿಸ್ಟರ್ ಪ್ರೂಯಿಟ್, ಇದನ್ನು ಬರೆಯಲ್ಲ ಅಂದೆ, ಕೇಳಲಿಲ್ಲ. ಊಟ ಮಾಡುತ್ತಿದ್ದಾನೆ. ದಾರಿ ಮರೆಯುವುದು ನಿಂತಿದೆ. ಒಟಿಸ್.)


ಕಾರ್ವರ್ಸ್ ಬೆಂಡ್
17 ಜನವರಿ 1988

ಪ್ರೀತಿಯ ವೇಡ್,

ನಾನು ಗೆಲ್ಲಲಿಲ್ಲ. ನಿನಗೆ ಇದನ್ನು ಹೇಗೆ ತಿಳಿಸುವುದೋ ಗೊತ್ತಾಗದೆ ಎರಡು ತಿಂಗಳು ಕಳೆದೆ.

ಆ ದಿನ ಮೂವತ್ತನೇ ಸಾಲಿನಲ್ಲಿ ಕೂತು ನಾನು ಇನ್ನೊಂದನ್ನೂ ನೋಡಿದೆ, ಆಗ ಬರೆಯಲಿಲ್ಲ. ಆ ಓಟಗಾರ ಎಡಕ್ಕೆ ಹೋಗುವಂತೆ ಕಂಡ. ನಿಮ್ಮವರೆಲ್ಲ ಎಡಕ್ಕೆ ಓಡಿದರು. ನೀನೊಬ್ಬ ಬಲಕ್ಕೆ ಎರಡು ಹೆಜ್ಜೆ ಇಟ್ಟು ಕಾದೆ. ಅವನು ಅಲ್ಲಿಗೇ ಬಂದ. ಅವನಿಗಿಂತ ಮೊದಲು ನಿನಗೆ ಗೊತ್ತಿತ್ತು. ನೀನು ಬಹಳ ದೊಡ್ಡ ಆಟಗಾರ. ಮೂರು ವರ್ಷ ಅದನ್ನು ನೋಡಲು ಬರದೆ ಮನೆಯಲ್ಲಿ ಕೂತಿದ್ದೆ. ಒಂದೇ ಒಂದು ದಿನ ನೋಡಿದೆ, ಅದೂ ಗೆರೆ ಎಳೆಯುತ್ತ.

ನೀನು ಉತ್ತರ ಬರೆಯಬೇಕೆಂದಿಲ್ಲ.

ಅಪ್ಪ


ಕಾರ್ವರ್ಸ್ ಬೆಂಡ್
10 ಏಪ್ರಿಲ್ 1988

ಪ್ರೀತಿಯ ವೇಡ್,

ನದಿಯ ಮಂಜುಗಡ್ಡೆ ಕರಗಿದೆ. ಕಾರ್ಖಾನೆಯಲ್ಲಿ ಬರ್ಲ್‌ಗೆ ಬೆನ್ನುನೋವು, ರಜೆಯಲ್ಲಿದ್ದಾನೆ. ನನ್ನ ರೇಡಿಯೊ ಆರಿಸುವವರಿಲ್ಲ, ಆದರೂ ನಾನು ಹಾಕಿಲ್ಲ, ಮನೆಯಲ್ಲೂ. ನಿನ್ನ ಅಮ್ಮ, “ಹಾಕೋ ಮಾರಾಯ, ಮನೆ ಸ್ಮಶಾನ ಆಗಿದೆ” ಅನ್ನುತ್ತಾಳೆ. ಕೇಳಲು ಮನಸ್ಸು ಬರುತ್ತಿಲ್ಲ. ನಿನಗೆ ಸುಳ್ಳು ಬರೆಯಬಾರದೆಂದು ಬರೆದೆ, ಮರುಕ ಹುಟ್ಟಿಸಲು ಅಲ್ಲ.

ಅಪ್ಪ


ಆಷ್‌ಬರ್ನ್
1 ಮೇ 1988

ಅಪ್ಪ,

ಈಗ ನಾನೇ ಬರೆಯುತ್ತಿದ್ದೇನೆ. ಸಾಲು ನೆಟ್ಟಗಿದೆಯೆ ಎಂದು ಅಮ್ಮನಿಗೆ ತೋರಿಸು.

ನಿನ್ನ ಎರಡೂ ಕಾಗದ ಬಂದವು. ಜನವರಿಯದನ್ನು ಓದಿದ ದಿನವೇ ಬರೆಯಬಹುದಿತ್ತು. ಆಗಲಿಲ್ಲ. ನಾನು ಇನ್ನೂ ಫುಟ್‌ಬಾಲನ್ನೇ ಇಷ್ಟಪಡುತ್ತೇನೆ, ಅದು ನಿನಗೆ ಮೊದಲೇ ತಿಳಿದಿರಲಿ. ಈಗಲೂ ಕನಸಿನಲ್ಲಿ ಆಡುತ್ತೇನೆ.

ನಡೆದದ್ದು ಇದು. ನನ್ನ ಜಾಗಕ್ಕೆ ಲಾನಿ ಬರ್ಡೆಟ್ ಎಂಬವನನ್ನು ತೆಗೆದುಕೊಂಡಿದ್ದಾರೆ, ಕೆಂಟಕಿಯವನು, ನನ್ನ ವಯಸ್ಸು. ಏಪ್ರಿಲಿನಲ್ಲಿ ವಸಂತದ ಅಭ್ಯಾಸ ಶುರುವಾಯಿತು. ನಾನು ಬೇಲಿಯ ಹೊರಗೆ ನಿಂತು ನೋಡುತ್ತೇನೆ. ಎರಡು ಮೂರು ವಾರದ ಹಿಂದೆ ಅವನು ಊಟದ ಮನೆಯಲ್ಲಿ ನನ್ನ ಎದುರು ಕೂತು, “ಇವತ್ತು ಯಾವ ವಾರ ಗುರೂ?” ಅಂದ. ಬುಧವಾರ ಅಂದೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ತಲೆಯೆತ್ತಿ, “ಇವತ್ತು ಯಾವ ವಾರ?” ಅಂದ. ಅವನ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.  ಆ ದಿನ ಗೇಟಿನ ಹತ್ತಿರ ನಿನಗೆ ಕಂಡ ಮುಖ ಇದೇ ಇರಬೇಕು.

ಕೋಚ್ ಹತ್ತಿರ ಹೋದೆ. “ನಿನ್ನ ಜಾಗ ಹೋಯ್ತು ಅಂತ ಅವನ ಜಾಗಾನೂ ಕಳೀಬೇಕು ಅಂತಿದೀಯಾ?” ಎಂದರು. ಲಾನಿಗೇ ನೇರವಾಗಿ ಹೇಳಿದೆ. “ಹೊಟ್ಟೆಕಿಚ್ಚು ಕಣೋ ನಿಂಗೆ” ಅಂದು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ತಂಡದವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಒಟಿಸ್ ಒಬ್ಬನನ್ನು ಬಿಟ್ಟು. ಕಾಲೇಜಿನ ವೈದ್ಯರು ಕರೆಸಿದರೆ ಲಾನಿ ಹೋಗುತ್ತಿಲ್ಲ. ಅವನ ಅಪ್ಪ ಅಮ್ಮನ ವಿಳಾಸ ಹುಡುಕಿ ಪತ್ರ ಬರೆದೆ. ಕಂಡದ್ದನ್ನೆಲ್ಲ, ತಾರೀಕು ಸಮೇತ. ನನ್ನ ತಲೆಗೆ ಏನಾಗಿತ್ತು ಎಂಬುದನ್ನೂ. ಹತ್ತು ದಿನವಾಯಿತು, ಉತ್ತರ ಇಲ್ಲ. ಶನಿವಾರ ಅವರು ಅಭ್ಯಾಸದ ಪಂದ್ಯ ಆಡುತ್ತಾರೆ.

ಅಪ್ಪ, ನಾನು ಬರೆಯಬೇಡ ಅಂದ ಮೇಲೂ ನೀನು ಹೇಗೆ ಬರೆದೆ?

ವೇಡ್


ಕಾರ್ವರ್ಸ್ ಬೆಂಡ್
3 ಮೇ 1988

ಪ್ರೀತಿಯ ವೇಡ್,

ಸಾಲು ನೆಟ್ಟಗಿದೆ. ನಿನ್ನ ಅಮ್ಮ ಅದನ್ನು ಬೆರಳಿಟ್ಟು ನೋಡಿ ಒಪ್ಪಿದಳು.

ಹೇಗೆ ಬರೆದೆ ಎಂದರೆ, ಹೆದರಿಕೆಯಿಂದ. ಬೇರೆ ಗುಟ್ಟೇನೂ ಇಲ್ಲ. ಆದರೆ ಒಂದು ವಿಷಯ ಗೊತ್ತಾಯಿತು. ಕೆಲವು ಮಾತು ಕೆಲವರ ಬಾಯಿಂದಲೇ ಬರಬೇಕು. ನನ್ನ ಮಾತನ್ನು ತಳ್ಳಿಹಾಕಲು ಕೋಚ್‌ಗೆ ಒಂದು ನೆಪ ಸಿಕ್ಕಿತು. ನಿನ್ನ ಮಾತಿಗೂ ಸಿಕ್ಕಿದೆ. ಅಮ್ಮಂದಿರ ಮಾತಿಗೆ ನೆಪ ಹುಡುಕುವುದು ಕಷ್ಟ.

ಅದಕ್ಕೆ ನಾವಿಬ್ಬರೂ ಗುರುವಾರ ಬೆಳಗ್ಗೆ ಕೆಂಟಕಿಗೆ ಹೊರಡುತ್ತಿದ್ದೇವೆ. ನಿನ್ನ ಅಮ್ಮ ಬೇಕರಿಯಲ್ಲಿ ರಜೆ ಹೇಳಿಬಿಟ್ಟಿದ್ದಾಳೆ. ಬರ್ಡೆಟ್ ಮನೆಯವರ ವಿಳಾಸವನ್ನು ಈ ಕಾಗದ ಸಿಕ್ಕಿದ ಕೂಡಲೇ ಫೋನಿನಲ್ಲಿ ತಿಳಿಸು. ಅವರು ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತಾಳಂತೆ. ನಾನು ಕಾರಿನಲ್ಲೇ ಇರುತ್ತೇನೆ.

ಅಲ್ಲಿಂದ ನೇರವಾಗಿ ನಿನ್ನ ಹತ್ತಿರ ಬರುತ್ತೇವೆ. ಈಗ ನನ್ನನ್ನು ನೋಡಲು ನಿನಗೆ ಆಗುವುದಾದರೆ ನೋಡೋಣ.

ಅಪ್ಪ